ಬಾಕ್ಸ್ ಸ್ಕೋರ್ ತಾಳೆಯಾಗುವ ತನಕ: ಬ್ಯಾಸ್ಕೆಟ್‌ಬಾಲ್ ಸ್ಟ್ಯಾಟ್ಸ್ ನಾನು ಬರೆಯುವ ರೀತಿ

2024ರ ಆಗಸ್ಟ್ 10ರಂದು ಪ್ಯಾರಿಸ್ ಒಲಿಂಪಿಕ್ಸ್ ಪುರುಷರ ಫೈನಲ್‌ನಲ್ಲಿ ಅಮೆರಿಕ ಫ್ರಾನ್ಸನ್ನು 98-87ರಿಂದ ಸೋಲಿಸಿತು. ಬಾಕ್ಸ್ ಸ್ಕೋರ್‌ನಲ್ಲಿ, ಅಂದರೆ ಪಂದ್ಯದ ಅಂಕಿಅಂಶಗಳ ಹಾಳೆಯಲ್ಲಿ, ಅಮೆರಿಕದ ಸ್ಟೀಫನ್ ಕರಿಯ ಸಾಲು: ಫೀಲ್ಡ್ ಗೋಲ್ (ಆಟದ ನಡುವೆ ಬುಟ್ಟಿಗೆ ಎಸೆದದ್ದು) 8/13, ಅಂದರೆ 13 ಯತ್ನದಲ್ಲಿ 8 ಬಿದ್ದವು; ಅದರಲ್ಲಿ ತ್ರೀ (ದೂರದ ಗೆರೆಯಾಚೆಯಿಂದ ಎಸೆದ ಮೂರಂಕದ ಹೊಡೆತ) 8/12, ಅಂಕ 24. ಮೂರೆಂಟ್ಲ ಇಪ್ಪತ್ನಾಲ್ಕು, ಅಲ್ಲಿಗೆ ಲೆಕ್ಕ ಮುಗಿಯಿತು. ಅಂದರೆ ಎರಡಂಕದ ಯತ್ನ ಒಂದೇ, ಅದೂ ಬಿದ್ದಿಲ್ಲ. ಫ್ರೀ ಥ್ರೋದಿಂದ (ಫೌಲ್ ಆದಾಗ ತಡೆಯಿಲ್ಲದೆ ಎಸೆಯಲು ಸಿಗುವ ಒಂದಂಕದ ಹೊಡೆತ) ಒಂದು ಅಂಕವೂ ಬಂದಿಲ್ಲ. ಸರ್ಬಿಯಾ ವಿರುದ್ಧದ ಸೆಮಿಫೈನಲ್‌ನಲ್ಲಿ (95-91) ಅವರದು 12/19, ತ್ರೀ 9/14, ಫ್ರೀ ಥ್ರೋ 3/3. ಇಪ್ಪತ್ತೇಳು, ಆರು, ಮೂರು: 36. ಯಾವ ಸಾಲು ಕೈಗೆ ಸಿಕ್ಕರೂ ನಾನು ಮೊದಲು ಮಾಡುವುದು ಈ ಕೂಡಿಕೆಯನ್ನೇ. ಸಾಲು ಕೂಡಿ ಬರದಿದ್ದರೆ ಉಳಿದ ಕಾಲಂ ನೋಡುವುದೇ ದಂಡ.

ಪಂದ್ಯ ನೇರವಾಗಿ ನಡೆಯುತ್ತಿದ್ದರೆ ಇಬ್ಬರು ಬೇಕೇ ಬೇಕು. ಒಬ್ಬ ಅಂಗಳದಿಂದ ಕಣ್ಣು ತೆಗೆಯದೆ ಕೂಗುತ್ತಾನೆ, ಇನ್ನೊಬ್ಬ ಒತ್ತುತ್ತಾನೆ ಅಥವಾ ಬರೆಯುತ್ತಾನೆ. ಕೂಗುವ ಕ್ರಮ ಬದಲಾಗಬಾರದು: ಬಣ್ಣ, ನಂಬರ್, ಕ್ರಿಯೆ. "ಬಿಳಿ ಏಳು, ತ್ರೀ, ಮಿಸ್. ನೀಲಿ ಹನ್ನೊಂದು, ಡಿಫೆನ್ಸ್ ರಿಬೌಂಡ್." (ರಿಬೌಂಡ್ ಅಂದರೆ ತಪ್ಪಿದ ಹೊಡೆತದ ಚೆಂಡನ್ನು ಹಿಡಿಯುವುದು; ಎದುರಾಳಿಯ ಹೊಡೆತವಾದರೆ ಡಿಫೆನ್ಸ್, ತನ್ನ ತಂಡದ್ದಾದರೆ ಅಫೆನ್ಸ್.) ನಂಬರ್ ಮೊದಲು ಹೇಳಿ ಬಣ್ಣ ಆಮೇಲೆ ಹೇಳಿದರೆ ಎರಡೂ ತಂಡದ ಏಳನೇ ನಂಬರಿನವರ ಲೆಕ್ಕ ಕಲಸಿಹೋಗುತ್ತದೆ.

ಒಬ್ಬನೇ ಕೂತು ರೆಕಾರ್ಡಿಂಗ್ ನೋಡಿ ಬರೆಯುವುದಾದರೆ ಮೂರು ಸುತ್ತು. ಮೊದಲ ಸುತ್ತಿನಲ್ಲಿ ಹೊಡೆತ ಮತ್ತು ಬದಲಿ ಮಾತ್ರ, ಎರಡನೆಯದರಲ್ಲಿ ರಿಬೌಂಡ್, ಮೂರನೆಯದರಲ್ಲಿ ಅಸಿಸ್ಟ್ (ಗೋಲಿಗೆ ದಾರಿಯಾದ ಪಾಸ್), ಟರ್ನೋವರ್ (ಹೊಡೆಯುವ ಮೊದಲೇ ಚೆಂಡು ಎದುರಾಳಿಗೆ ಬಿಟ್ಟುಕೊಟ್ಟದ್ದು), ಫೌಲ್. ಹೆಸರಿನ ಮುಂದೆ ಗೀಟು ಎಳೆಯುವ ಪದ್ಧತಿ ನಾನು ಬಿಟ್ಟಿದ್ದೇನೆ. ಗೀಟಿಗೆ ಗಡಿಯಾರ ಇರುವುದಿಲ್ಲ. ಕೊನೆಗೆ ಒಂದು ರಿಬೌಂಡ್ ಹೆಚ್ಚಾದರೆ ಎಲ್ಲಿ ಹೆಚ್ಚಾಯಿತೆಂದು ಹುಡುಕಲು ದಾರಿಯೇ ಇಲ್ಲ. ಪ್ರತಿ ಘಟನೆಗೂ ಒಂದು ಸಾಲು ಬೇಕು: ಕ್ವಾರ್ಟರ್, ಉಳಿದ ಸಮಯ, ತಂಡ, ನಂಬರ್, ಏನಾಯಿತು.

ಹೊಡೆತದಲ್ಲಿ ಹೊಸಬರು ಎಡವುವುದು ಫೌಲ್ ಆದಾಗ. ಹೊಡೆಯುವಾಗ ಫೌಲ್ ಆಗಿ ಚೆಂಡು ಬೀಳದಿದ್ದರೆ ಅದು ಯತ್ನವೇ ಅಲ್ಲ, ಫ್ರೀ ಥ್ರೋ ಮಾತ್ರ ಬರೆಯಬೇಕು. ಬಿದ್ದರೆ ಯತ್ನವೂ ಹೌದು, ಗೋಲೂ ಹೌದು. ಫೀಬಾ (ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆ) ಅಳತೆಯಲ್ಲಿ ತ್ರೀ ಗೆರೆ ಎದುರಿನಲ್ಲಿ 6.75 ಮೀಟರ್, ಮೂಲೆಯಲ್ಲಿ 6.60, ಪಾದ ಗೆರೆ ಮುಟ್ಟಿದ್ದರೆ ಎರಡೇ ಅಂಕ, ಹಾಗಾಗಿ ರೆಫರಿಯ ಬೆರಳು ನೋಡಿಯೇ ಬರೆಯಬೇಕು. ಆಟಗಾರ ಕೈತಪ್ಪಿ ತನ್ನದೇ ಬುಟ್ಟಿಗೆ ಹಾಕಿಬಿಟ್ಟರೆ ಎದುರಾಳಿ ತಂಡದ, ಆಗ ಅಂಗಳದಲ್ಲಿರುವ ನಾಯಕನ ಹೆಸರಿಗೆ ಎರಡು ಅಂಕ. ಪಾಪ, ಆತ ಅತ್ತ ಕಡೆ ನಿಂತಿದ್ದರೂ ಸರಿ.

ನಿಜವಾದ ತಲೆನೋವು ರಿಬೌಂಡ್. ಚೆಂಡು ಯಾರ ಕೈಗೂ ಸಿಗದೆ ಹೊರಗೆ ಹೋದರೆ, ಥ್ರೋ-ಇನ್ (ಗೆರೆಯ ಹೊರಗಿನಿಂದ ಚೆಂಡು ಎಸೆಯುವ ಅವಕಾಶ) ಸಿಕ್ಕ ತಂಡಕ್ಕೆ ಟೀಮ್ ರಿಬೌಂಡ್; ಇದು ಯಾವ ಆಟಗಾರನಿಗೂ ಸೇರುವುದಿಲ್ಲ. ಬ್ಲಾಕ್ ಆದ ಹೊಡೆತಕ್ಕೂ ಇದೇ ನಿಯಮ: ಹೊಡೆದವನಿಗೆ ಮಿಸ್, ತಡೆದವನಿಗೆ ಬ್ಲಾಕ್, ಚೆಂಡು ಹಿಡಿದವನಿಗೆ ರಿಬೌಂಡ್, ಒಟ್ಟು ಮೂರು ದಾಖಲೆ. ಬ್ಲಾಕ್ ಮಾಡಿದವನಿಗೇ ರಿಬೌಂಡನ್ನೂ ಕೊಟ್ಟುಬಿಡುವುದು ಎಲ್ಲರೂ ಮಾಡುವ ತಪ್ಪು. ಬುಟ್ಟಿಯ ಕೆಳಗೆ ಒಬ್ಬನೇ ಎರಡು ಸಲ ಬೆರಳಲ್ಲಿ ತಟ್ಟಿ ಮೂರನೇ ಸಲಕ್ಕೆ ಹಾಕಿದರೆ ಮೂರು ಅಫೆನ್ಸ್ ರಿಬೌಂಡ್, ಮೂರು ಯತ್ನ, ಒಂದು ಗೋಲು. ಇದನ್ನು ನಿಧಾನಗತಿಯಲ್ಲೇ ನೋಡಬೇಕು. ಎರಡು ಫ್ರೀ ಥ್ರೋಗಳಲ್ಲಿ ಮೊದಲನೆಯದು ತಪ್ಪಿದರೆ ರಿಬೌಂಡ್ ಇಲ್ಲ, ಚೆಂಡು ಇನ್ನೂ ಆಟಕ್ಕೆ ಬಂದಿರುವುದಿಲ್ಲ.

ಕೊನೆಗೆ ಹೀಗೆ ತಾಳೆ ನೋಡುತ್ತೇನೆ: ಒಂದು ತಂಡದ ಮಿಸ್ ಆದ ಫೀಲ್ಡ್ ಗೋಲ್‌ಗಳಿಗೆ ತಪ್ಪಿದ ಕೊನೆಯ ಫ್ರೀ ಥ್ರೋಗಳನ್ನು ಕೂಡಿದರೆ, ಅದೇ ತಂಡದ ಅಫೆನ್ಸ್ ರಿಬೌಂಡ್ ಮತ್ತು ಎದುರಾಳಿಯ ಡಿಫೆನ್ಸ್ ರಿಬೌಂಡ್‌ಗಳ ಮೊತ್ತಕ್ಕೆ ಸಮನಾಗಬೇಕು, ಟೀಮ್ ರಿಬೌಂಡ್ ಸೇರಿಸಿ. ಕ್ವಾರ್ಟರ್ ಮುಗಿಯುವ ಗಂಟೆಗೆ ಎಸೆದ ಹೊಡೆತ ಈ ಲೆಕ್ಕ ಕೆಡಿಸುತ್ತದೆ. ಅಂಥದ್ದಕ್ಕೆ ನಾನು ಅಂಚಿನಲ್ಲಿ ಚುಕ್ಕೆ ಇಡುತ್ತೇನೆ.

ಕೆಲವೇ ಸೆಕೆಂಡಿನಲ್ಲಿ ಎಷ್ಟು ದಾಖಲೆ ಬೀಳುತ್ತದೆ ಎಂಬುದಕ್ಕೆ 2023ರ ವಿಶ್ವಕಪ್‌ನ ಕಂಚಿನ ಪಂದ್ಯ ನೋಡಿ. ಮನಿಲಾದಲ್ಲಿ ಕೆನಡಾ 111-107ರಿಂದ ಮುಂದಿದ್ದಾಗ ಅಮೆರಿಕದ ಮಿಕಾಲ್ ಬ್ರಿಜಸ್‌ಗೆ ಎರಡು ಫ್ರೀ ಥ್ರೋ. ಮೊದಲನೆಯದು ಹಾಕಿ, ಎರಡನೆಯದನ್ನು ಬೇಕೆಂದೇ ತಪ್ಪಿಸಿ, ಚೆಂಡನ್ನು ತಾನೇ ಹಿಡಿದು ಮೂಲೆಗೆ ಓಡಿ ತ್ರೀ ಹಾಕಿದರು: 111-111. ಹಾಳೆಯಲ್ಲಿ ಬೀಳುವುದು ಫ್ರೀ ಥ್ರೋ 1/2, ಅಫೆನ್ಸ್ ರಿಬೌಂಡ್ ಒಂದು, ತ್ರೀ 1/1. ಅಸಿಸ್ಟ್ ಇಲ್ಲ. ಆಟಗಾರನ ಇಡೀ ಆಟವನ್ನು ಒಂದೇ ಅಂಕಿಗೆ ಇಳಿಸುವ ಫೀಬಾ ಎಫಿಶಿಯೆನ್ಸಿ ಲೆಕ್ಕದಲ್ಲಿ ಅಂಕ, ರಿಬೌಂಡ್, ಅಸಿಸ್ಟ್, ಸ್ಟೀಲ್ (ಎದುರಾಳಿಯಿಂದ ಚೆಂಡು ಕಸಿದದ್ದು), ಬ್ಲಾಕ್ ಕೂಡಿ, ಮಿಸ್ ಆದ ಹೊಡೆತ, ಮಿಸ್ ಆದ ಫ್ರೀ ಥ್ರೋ, ಟರ್ನೋವರ್ ಕಳೆಯುತ್ತಾರೆ. ಅಂದರೆ ಇಲ್ಲಿ ನಾಲ್ಕು ಅಂಕ, ಒಂದು ರಿಬೌಂಡ್, ಅದರಲ್ಲಿ ಒಂದು ಮಿಸ್ ಕಳೆದು 4. ಜಾಣತನದ ಮಿಸ್‌ಗೂ ದಡ್ಡತನದ ಮಿಸ್‌ಗೂ ಈ ಸೂತ್ರದಲ್ಲಿ ಒಂದೇ ದಂಡ. ಅದಕ್ಕೇ ಈ ಒಂದಂಕಿಯ ಮೇಲೆ ನನಗೆ ಅಷ್ಟು ನಂಬಿಕೆಯಿಲ್ಲ.

ಅಸಿಸ್ಟ್‌ನಲ್ಲಿ ಎನ್‌ಬಿಎ (ಅಮೆರಿಕದ ವೃತ್ತಿಪರ ಲೀಗ್) ಕಣ್ಣು ಇಟ್ಟುಕೊಂಡು ಬಂದವರಿಗೆ ಫೀಬಾ ಪಂದ್ಯ ಗೊಂದಲ ಮಾಡುತ್ತದೆ. ಪಾಸ್ ಪಡೆದವನ ಮೇಲೆ ಹೊಡೆಯುವಾಗ ಫೌಲ್ ಆಗಿ ಒಂದು ಫ್ರೀ ಥ್ರೋ ಬಿದ್ದರೂ ಫೀಬಾದಲ್ಲಿ ಪಾಸ್ ಕೊಟ್ಟವನಿಗೆ ಅಸಿಸ್ಟ್ ಉಂಟು. ಎರಡೂ ಬಿದ್ದರೂ ಒಂದೇ ಅಸಿಸ್ಟ್. ಎನ್‌ಬಿಎಯಲ್ಲಿ ಇದು ಇಲ್ಲ. ಆದ್ದರಿಂದ ಆಟಗಾರನೊಬ್ಬನ ಕ್ಲಬ್ ಸರಾಸರಿಯನ್ನು ರಾಷ್ಟ್ರೀಯ ತಂಡದ ಸರಾಸರಿಯ ಪಕ್ಕ ಇಟ್ಟು ಹೋಲಿಸುವಾಗ ಎಚ್ಚರ. ಪಂದ್ಯವೂ 48 ನಿಮಿಷದ್ದಲ್ಲ, 40ರದ್ದು.

ಟರ್ನೋವರ್ ಸುಲಭ. ಪ್ರತಿ ಸ್ಟೀಲ್‌ಗೂ ಎದುರಾಳಿಯ ಕಡೆ ಒಂದು ಟರ್ನೋವರ್ ಇರಬೇಕು, ಪ್ರತಿ ಟರ್ನೋವರ್‌ಗೂ ಸ್ಟೀಲ್ ಇರಬೇಕಿಲ್ಲ. ಚೆಂಡಿಗೆ ಮೊದಲು ಕೈ ತಾಗಿಸಿದವನಿಗೆ ಸ್ಟೀಲ್, ಆಮೇಲೆ ಎತ್ತಿಕೊಂಡವನಿಗಲ್ಲ.

ಇನ್ನು ನಿಮಿಷ ಮತ್ತು ಪ್ಲಸ್-ಮೈನಸ್ (ಆಟಗಾರ ಅಂಗಳದಲ್ಲಿದ್ದಾಗ ತಂಡ ಗಳಿಸಿದ ಅಂಕದಿಂದ ಬಿಟ್ಟುಕೊಟ್ಟ ಅಂಕ ಕಳೆದದ್ದು). ಇವೆರಡೂ ನಿಂತಿರುವುದು ಬದಲಿಯ ದಾಖಲೆಯ ಮೇಲೆ, ಅದೇ ಅತಿ ಬೇಗ ತಪ್ಪುವುದು. ಟೈಮ್‌ಔಟ್ ಆದ ಮೇಲೆ ಮೂವರು ಒಟ್ಟಿಗೆ ಬದಲಾದಾಗ ಇಬ್ಬರನ್ನು ಮಾತ್ರ ಗಮನಿಸಿರುತ್ತೇವೆ. ತಂಡದ ನಿಮಿಷಗಳ ಮೊತ್ತ 200 ಇರಬೇಕು, ಬ್ರಿಜಸ್ ಆಡಿದ ಪಂದ್ಯದಂತೆ ಒಂದು ಓವರ್‌ಟೈಮ್ ಆದರೆ 225. ಆದರೆ ಒಬ್ಬನ ಬದಲು ಇನ್ನೊಬ್ಬನನ್ನು ಬರೆದಿದ್ದರೂ ಮೊತ್ತ ಸರಿಯಾಗಿಯೇ ಬರುತ್ತದೆ, ಅದೇ ಮೋಸ. ಪ್ಲಸ್-ಮೈನಸ್ ಮೊತ್ತ ಗೆಲುವಿನ ಅಂತರದ ಐದು ಪಟ್ಟು: ಪ್ಯಾರಿಸ್ ಫೈನಲ್‌ನಲ್ಲಿ ಅಮೆರಿಕಕ್ಕೆ +55; 2017ರಲ್ಲಿ ಬೆಂಗಳೂರಿನಲ್ಲಿ ನಡೆದ ಮಹಿಳಾ ಏಷ್ಯಾ ಕಪ್ ಫೈನಲ್‌ನಲ್ಲಿ ಆಸ್ಟ್ರೇಲಿಯಾವನ್ನು 74-73ರಿಂದ ಸೋಲಿಸಿದ ಜಪಾನಿಗೆ ಬರೀ +5. ಈ ಮೊತ್ತಕ್ಕೂ ಅದೇ ಮೋಸ ತಟ್ಟುತ್ತದೆ. ಅದಕ್ಕೆ ನಾನು ಪ್ರತಿ ಫ್ರೀ ಥ್ರೋ ವೇಳೆ, ಗಡಿಯಾರ ನಿಂತಿರುವಾಗ, ಅಂಗಳದಲ್ಲಿರುವ ಐದೂ ನಂಬರ್ ಓದಿ ಪಟ್ಟಿಗೆ ಹೋಲಿಸುತ್ತೇನೆ. ಹತ್ತು ಸೆಕೆಂಡಿನ ಕೆಲಸ. ಅಲ್ಲಿ ಕೈಬಿಟ್ಟರೆ ರೆಕಾರ್ಡಿಂಗ್ ಹಿಂದಕ್ಕೆ ತಿರುಗಿಸಿ ಇಡೀ ಕ್ವಾರ್ಟರ್ ಮತ್ತೆ ನೋಡಬೇಕು.