ಟ್ರೋಮ್ಸೊದಲ್ಲಿ ಐದು ರಾತ್ರಿ: ಆರ್ಕ್ಟಿಕ್ ಚಳಿಗಾಲಕ್ಕೆ ಹೊರಡುವವರಿಗೆ

ನಾರ್ದರ್ನ್ ಲೈಟ್ಸ್, ಅಂದರೆ ಉತ್ತರ ಧ್ರುವದ ಕಡೆ ರಾತ್ರಿ ಆಕಾಶದಲ್ಲಿ ಹರಿದಾಡುವ ಬಣ್ಣದ ಬೆಳಕು, ನೋಡಬೇಕು ಅಂತ ಯುರೋಪಿಗೆ ಹೊರಡುವ ನಮ್ಮವರಲ್ಲಿ ಬಹಳ ಜನರ ಪ್ಲಾನ್ ಹೀಗಿರುತ್ತದೆ: ಎಂಟು ದಿನ, ನಾಲ್ಕು ಊರು, ಅದರಲ್ಲಿ ಆರ್ಕ್ಟಿಕ್‌ಗೆ ಎರಡು ರಾತ್ರಿ. ಲಕ್ಷಗಟ್ಟಲೆ ಖರ್ಚು ಮಾಡಿ ಹೋಗಿ, ಆ ಎರಡೂ ರಾತ್ರಿ ಮೋಡ ಕವಿದುಕೊಂಡರೆ ಕತೆ ಮುಗಿಯಿತು. ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ. ಊರುಗಳನ್ನು ಕಡಿಮೆ ಮಾಡಿ, ರಾತ್ರಿಗಳನ್ನು ಜಾಸ್ತಿ ಮಾಡಿ. ಒಂದೇ ಊರಲ್ಲಿ ಐದು ರಾತ್ರಿ ಇರಿ. ಮಿಕ್ಕಿದ್ದೆಲ್ಲ ಇದರ ಸುತ್ತ ಹೊಂದಿಸಿಕೊಳ್ಳಬಹುದು.

ಊರು ಯಾವುದು? ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ನಾರ್ವೆಯ ಟ್ರೋಮ್ಸೊ. ಆರ್ಕ್ಟಿಕ್ ವೃತ್ತದಿಂದ ಸುಮಾರು 350 ಕಿಲೋಮೀಟರ್ ಉತ್ತರಕ್ಕೆ, ಒಂದು ದ್ವೀಪದ ಮೇಲಿರುವ ಊರು. ವಿಮಾನ ನಿಲ್ದಾಣ, ಆಸ್ಪತ್ರೆ, ವಿಶ್ವವಿದ್ಯಾಲಯ, ಸಿಟಿ ಬಸ್ಸು ಎಲ್ಲ ಇವೆ. ಇಷ್ಟು ಉತ್ತರದಲ್ಲಿದ್ದರೂ ನಾವು ಹೆದರುವಷ್ಟು ಚಳಿ ಇರುವುದಿಲ್ಲ. ಅಟ್ಲಾಂಟಿಕ್‌ನ ಬೆಚ್ಚನೆಯ ಪ್ರವಾಹ ಕರಾವಳಿಯುದ್ದಕ್ಕೂ ಹರಿದು ಬರುವುದರಿಂದ ಜನವರಿಯಲ್ಲೂ ಸರಾಸರಿ ಮೈನಸ್ 3, ಮೈನಸ್ 4 ಡಿಗ್ರಿ ಅಷ್ಟೆ. ಆದರೆ ಕಾರಿನಲ್ಲಿ ಎರಡು ಗಂಟೆ ಒಳನಾಡಿಗೆ ಹೋದರೆ ಮೈನಸ್ 20, 25 ಮಾಮೂಲಿ. ಈ ವ್ಯತ್ಯಾಸ ನೆನಪಿಟ್ಟುಕೊಳ್ಳಿ. ಬಟ್ಟೆಯ ವಿಷಯಕ್ಕೆ ಬಂದಾಗ ಇದು ಮುಖ್ಯವಾಗುತ್ತದೆ.

ತಿಂಗಳು ಆರಿಸಿ, ಆಮೇಲೆ ಟಿಕೆಟ್

ಟ್ರೋಮ್ಸೊದಲ್ಲಿ ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಸೂರ್ಯ ಹುಟ್ಟುವುದೇ ಇಲ್ಲ. ಸುತ್ತ ಬೆಟ್ಟಗಳಿರುವುದರಿಂದ ಊರಿನವರಿಗೆ ಸೂರ್ಯನ ಮುಖ ಕಾಣುವುದು ಜನವರಿ 21ರ ಹೊತ್ತಿಗೆ. ಅವತ್ತು ಊರಿನವರೆಲ್ಲ ಸಿಹಿ ಬನ್ ತಿಂದು ಸಂಭ್ರಮಿಸುತ್ತಾರೆ. ಹಾಗಂತ ಡಿಸೆಂಬರಿನಲ್ಲಿ ಇಡೀ ದಿನ ಕಗ್ಗತ್ತಲೆ ಅಂದುಕೊಳ್ಳಬೇಡಿ. ಮಧ್ಯಾಹ್ನದ ಹೊತ್ತಿಗೆ ಕೆಲವು ಗಂಟೆ ನೀಲಿ ಬೆಳಕು ಹರಡುತ್ತದೆ. ಹಿಮ, ಸಮುದ್ರ, ಮನೆಗಳ ಗೋಡೆ ಎಲ್ಲ ಆ ನೀಲಿಯಲ್ಲಿ ಅದ್ದಿ ತೆಗೆದಂತಿರುತ್ತವೆ. ಬಹಳ ಚೆಂದ. ಆದರೆ ಅಭ್ಯಾಸವಿಲ್ಲದವರಿಗೆ ಮೂರನೇ ದಿನಕ್ಕೆ ಮಂಕು ಕವಿಯುತ್ತದೆ, ನಿದ್ದೆಯ ಲೆಕ್ಕ ತಪ್ಪುತ್ತದೆ.

ತಿಮಿಂಗಿಲ ನೋಡುವ ಆಸೆ ಇದ್ದರೆ ಮಾತ್ರ ನವೆಂಬರಿನಿಂದ ಜನವರಿಯೊಳಗೆ ಹೋಗಿ. ಹೆರಿಂಗ್ ಮೀನಿನ ಹಿಂಡನ್ನು ಬೆನ್ನಟ್ಟಿ ಓರ್ಕಾ, ಹಂಪ್‌ಬ್ಯಾಕ್ ತಿಮಿಂಗಿಲಗಳು ಉತ್ತರದ ಶೆರ್ವಯ್ ಊರಿನ ಕಡೆಯ ಫ್ಯೋರ್ಡ್‌ಗಳಿಗೆ (ಬೆಟ್ಟಗಳ ನಡುವೆ ಒಳನುಗ್ಗಿದ ಸಮುದ್ರದ ಕೊಲ್ಲಿಗಳಿಗೆ) ಬರುತ್ತವೆ. ಟ್ರೋಮ್ಸೊದಿಂದ ದೋಣಿಯಲ್ಲಿ ಹೋಗಲೇ ಸುಮಾರು ಮೂರು ಗಂಟೆ, ಬರಲು ಅಷ್ಟೇ. ವಾಂತಿ ಬರುವವರು ಮಾತ್ರೆ ನುಂಗಿಯೇ ಹತ್ತಬೇಕು.

ಮಕ್ಕಳು, ಅಪ್ಪ ಅಮ್ಮನ ಜೊತೆ ಹೋಗುವವರಿಗೆ ಫೆಬ್ರುವರಿ ಮಧ್ಯದಿಂದ ಮಾರ್ಚ್ ಕೊನೆಯವರೆಗಿನ ಸಮಯವೇ ಒಳ್ಳೆಯದು. ಫೆಬ್ರುವರಿ ಮಧ್ಯಕ್ಕೆ ಹಗಲು ಏಳು ಗಂಟೆಗೂ ಜಾಸ್ತಿ ಇರುತ್ತದೆ. ಹಿಮ ಚೆನ್ನಾಗಿ ಕೂತಿರುತ್ತದೆ. ಹಗಲು ಸುತ್ತಾಡಿ, ರಾತ್ರಿ ಆಕಾಶ ನೋಡಬಹುದು. ಏಪ್ರಿಲ್ ಮೊದಲ ವಾರ ದಾಟಿದರೆ ರಾತ್ರಿಯಲ್ಲೂ ಆಕಾಶ ಪೂರ್ತಿ ಕಪ್ಪಾಗುವುದಿಲ್ಲ, ಅಲ್ಲಿಗೆ ಸೀಸನ್ ಮುಗಿಯಿತು.

ವೀಸಾ, ವಿಮಾನ

ನಾರ್ವೆಗೆ ಷೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಸಲ್ಲುವ ಒಂದೇ ವೀಸಾ, ಬೇಕು. ಪ್ರಯಾಣದ ಆರು ತಿಂಗಳ ಮೊದಲೇ ಅರ್ಜಿ ಹಾಕಬಹುದು. ಕೊನೆ ಗಳಿಗೆಗೆ ಬಿಡಬೇಡಿ, ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟವಾಗುತ್ತದೆ. ದೊಡ್ಡವರಿಗೆ ಶುಲ್ಕ 90 ಯೂರೋ, ಆರರಿಂದ ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ 45. ಅರ್ಜಿ ಕೇಂದ್ರದ ಸೇವಾ ಶುಲ್ಕ ಬೇರೆ. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ವಾಪಸ್ ಬರುವ ದಿನದಿಂದ ಮುಂದಕ್ಕೆ ಇನ್ನೂ ಮೂರು ತಿಂಗಳು ಪಾಸ್‌ಪೋರ್ಟ್ ಅವಧಿ ಉಳಿದಿರಬೇಕು. ಹಲವು ದೇಶ ಸುತ್ತುವುದಾದರೆ ಎಲ್ಲಿ ಜಾಸ್ತಿ ರಾತ್ರಿ ಇರುತ್ತೀರೋ ಆ ದೇಶಕ್ಕೇ ಅರ್ಜಿ ಹಾಕಬೇಕು. ಐದು ರಾತ್ರಿ ಟ್ರೋಮ್ಸೊದಲ್ಲಿದ್ದರೆ ಸಾಮಾನ್ಯವಾಗಿ ಅದು ನಾರ್ವೆಯೇ ಆಗಿರುತ್ತದೆ.

ಒಂದು ಎಚ್ಚರಿಕೆ. ಟ್ರೋಮ್ಸೊದಿಂದ ಇನ್ನೂ ಉತ್ತರಕ್ಕೆ ಸ್ವಾಲ್‌ಬಾರ್ಡ್ ದ್ವೀಪಗಳಿವೆ. ಅವು ನಾರ್ವೆಯವೇ ಆದರೂ ಷೆಂಗೆನ್ ವ್ಯಾಪ್ತಿಯ ಹೊರಗಿವೆ. ಅಲ್ಲಿಗೆ ಹೋಗಿ ನಾರ್ವೆಗೆ ಮರಳಬೇಕೆಂದರೆ ಕನಿಷ್ಠ ಎರಡು ಪ್ರವೇಶದ ವೀಸಾ ಕೇಳಿ ಪಡೆದಿರಬೇಕು. ಇದು ಗೊತ್ತಿಲ್ಲದೆ ಹೋಗಿ ಫಜೀತಿ ಪಡಬೇಡಿ.

ಬೆಂಗಳೂರಿನಿಂದ ಕೊಲ್ಲಿ ದೇಶಗಳ ಮೂಲಕವೋ ಫ್ರಾಂಕ್‌ಫರ್ಟ್, ಆಮ್‌ಸ್ಟರ್‌ಡ್ಯಾಮ್ ಮೂಲಕವೋ ಓಸ್ಲೋಗೆ ಹೋಗಿ, ಅಲ್ಲಿಂದ ಟ್ರೋಮ್ಸೊ ವಿಮಾನ ಹಿಡಿಯಬೇಕು. ಈ ಕೊನೆಯ ಹಾರಾಟ ಸುಮಾರು ಎರಡು ಗಂಟೆ. ಓಸ್ಲೋದಲ್ಲಿ ಅನೇಕ ಸಲ ನಿಮ್ಮ ಬ್ಯಾಗು ನೀವೇ ಇಳಿಸಿಕೊಂಡು, ಕಸ್ಟಮ್ಸ್ ದಾಟಿ, ಮತ್ತೆ ಕೊಡಬೇಕಾಗುತ್ತದೆ. ಎರಡು ವಿಮಾನಗಳ ನಡುವೆ ಮೂರು ಗಂಟೆಯಾದರೂ ಇರಲಿ.

ಬಟ್ಟೆ: ಹತ್ತಿ ಬೇಡ, ಉಣ್ಣೆ ಬೇಕು

ಚಳಿ ಅಂದರೆ ನಮಗೆ ದಪ್ಪ ಜಾಕೆಟ್ ನೆನಪಾಗುತ್ತದೆ. ನಾರ್ವೆಯವರು ಮೊದಲು ನೋಡುವುದು ಮೈಗೆ ಅಂಟಿದ ಬಟ್ಟೆಯನ್ನು. ಬನಿಯನ್ನು, ಜೀನ್ಸು, ಕಾಟನ್ ಸಾಕ್ಸು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಹತ್ತಿ ಬೆವರು ಹೀರಿ ಒದ್ದೆಯಾಗಿ ಕೂರುತ್ತದೆ. ನಿಂತ ಹತ್ತೇ ನಿಮಿಷಕ್ಕೆ ಆ ಒದ್ದೆ ತಣ್ಣಗಾಗಿ ಬೆನ್ನೆಲ್ಲ ನಡುಕ ಹತ್ತುತ್ತದೆ. ಮೆರಿನೊ ಉಣ್ಣೆ ಒದ್ದೆಯಾದರೂ ಬೆಚ್ಚಗಿಡುತ್ತದೆ.

ಹೋಟೆಲ್ ರೂಮಿನಲ್ಲಿ ಹಾಕಿಕೊಳ್ಳುವ ಕ್ರಮ ಹೀಗಿರಲಿ. ಮೊದಲು ತೆಳು ಉಣ್ಣೆಯ ಒಳ ಅಂಗಿ, ಒಳ ಪ್ಯಾಂಟು. ಅಂಗಿಯನ್ನು ಪ್ಯಾಂಟಿನೊಳಗೆ ಸೇರಿಸಿ, ಸಾಕ್ಸನ್ನು ಪ್ಯಾಂಟಿನ ಮೇಲೆ ಎಳೆಯಿರಿ, ಗಾಳಿ ನುಗ್ಗಲು ಸಂದಿ ಇರಬಾರದು. ಅದರ ಮೇಲೆ ಫ್ಲೀಸ್ ಅಥವಾ ದಪ್ಪ ಉಣ್ಣೆ ಸ್ವೆಟರ್. ಕೊನೆಗೆ ಗಾಳಿ, ನೀರು ತಡೆಯುವ ಜಾಕೆಟ್ಟು, ಪ್ಯಾಂಟು. ಕೊನೆಯದನ್ನು ಬಾಗಿಲ ಹತ್ತಿರ ಬಂದಾಗ ಹಾಕಿಕೊಳ್ಳಿ. ಬೆಚ್ಚನೆಯ ರೂಮಿನಲ್ಲೇ ಎಲ್ಲ ಹಾಕಿಕೊಂಡು ಬೆವೆತರೆ ಮಾಡಿದ್ದೆಲ್ಲ ವ್ಯರ್ಥ.

ಶೂ ಒಂದು ಸೈಜು ದೊಡ್ಡದು ತಗೊಳ್ಳಿ. ಎರಡು ಸಾಕ್ಸ್ ಹಾಕಿದ ಮೇಲೂ ಬೆರಳು ಅಲ್ಲಾಡಬೇಕು. ಬಿಗಿಯಾದ ಶೂ ಎಷ್ಟು ದುಬಾರಿಯದಾದರೂ ಕಾಲು ಮರಗಟ್ಟುತ್ತದೆ. ಕೈಗೆ ಐದು ಬೆರಳಿನ ಗ್ಲೌಸ್‌ಗಿಂತ ನಾಲ್ಕೂ ಬೆರಳು ಒಟ್ಟಿಗಿರುವ ಮಿಟನ್ ಬೆಚ್ಚಗಿರುತ್ತದೆ. ಒಳಗೊಂದು ತೆಳು ಗ್ಲೌಸ್ ಇದ್ದರೆ ಫೋಟೊ ತೆಗೆಯುವಾಗ ಚರ್ಮ ಗಾಳಿಗೆ ಒಡ್ಡಿಕೊಳ್ಳುವುದಿಲ್ಲ.

ಚಳಿಗಿಂತ ದೊಡ್ಡ ಅಪಾಯ ಜಾರುವುದು. ಟ್ರೋಮ್ಸೊದಲ್ಲಿ ಹಿಮ ಕರಗಿ, ಮಳೆ ಬಿದ್ದು, ಮತ್ತೆ ಹೆಪ್ಪುಗಟ್ಟುತ್ತದೆ. ರಸ್ತೆ ಗಾಜಿನಂತಾಗುತ್ತದೆ. ಶೂ ಅಡಿಗೆ ಸಿಕ್ಕಿಸುವ ಮುಳ್ಳಿನ ಪಟ್ಟಿ ಅಲ್ಲಿ ಅಂಗಡಿಗಳಲ್ಲಿ ಸಿಗುತ್ತದೆ. ಅದಕ್ಕೆ ಬ್ರೊಡ್ಡರ್ ಅನ್ನುತ್ತಾರೆ. ಇಳಿದ ದಿನವೇ ಕೊಂಡುಕೊಳ್ಳಿ. ಮನೆಯ ಹಿರಿಯರು ಜೊತೆಗಿದ್ದರಂತೂ ಇದು ಬೇಕೇ ಬೇಕು. ಕತ್ತಲಲ್ಲಿ ನಡೆಯುವಾಗ ಗಾಡಿಯವರಿಗೆ ಕಾಣುವಂತೆ ಹೊಳೆಯುವ ರಿಫ್ಲೆಕ್ಟರ್ ಪಟ್ಟಿಯನ್ನು ತೋಳಿಗೆ ಕಟ್ಟಿಕೊಳ್ಳಿ. ಅಲ್ಲಿಯ ಶಾಲೆ ಮಕ್ಕಳಿಂದ ಅಜ್ಜಿಯರವರೆಗೆ ಬಳಸುತ್ತಾರೆ.

ಮೈನಸ್ 25ರ ಬಟ್ಟೆ ಇಲ್ಲಿಂದಲೇ ಕೊಳ್ಳಬೇಕಾಗಿಲ್ಲ. ರಾತ್ರಿ ಒಳನಾಡಿಗೆ ಕರೆದೊಯ್ಯುವ ಟೂರ್‌ನವರಲ್ಲಿ ಅನೇಕರು ಥರ್ಮಲ್ ಸೂಟು, ಬೂಟು ಕೊಡುತ್ತಾರೆ. ಬುಕ್ ಮಾಡುವಾಗ ಕೇಳಿ ಖಚಿತ ಮಾಡಿಕೊಳ್ಳಿ.

ಆಕಾಶ ನೋಡುವ ಬಗೆ

ಸೂರ್ಯನಿಂದ ಹೊರಟ ವಿದ್ಯುದಾವೇಶದ ಕಣಗಳು ಭೂಮಿಯ ಕಾಂತಕ್ಷೇತ್ರಕ್ಕೆ ಸಿಕ್ಕಿ ಧ್ರುವಗಳ ಕಡೆ ಹರಿಯುತ್ತವೆ. ನೂರು ಕಿಲೋಮೀಟರಿಗೂ ಮೇಲೆ ಅವು ಆಮ್ಲಜನಕಕ್ಕೆ ಬಡಿದಾಗ ಹಸಿರು ಬೆಳಕು ಹೊಮ್ಮುತ್ತದೆ. ಇನ್ನೂ ಎತ್ತರದಲ್ಲಿ ಕೆಂಪು. ಇದನ್ನು ಅರ್ಥ ಮಾಡಿಕೊಳ್ಳಲು ದಾರಿ ಮಾಡಿದವರು ನಾರ್ವೆಯ ವಿಜ್ಞಾನಿ ಕ್ರಿಸ್ಟಿಯಾನ್ ಬಿರ್ಕೆಲಾಂಡ್. ಟ್ರೋಮ್ಸೊದಿಂದ ಪೂರ್ವಕ್ಕೆ, ಆಲ್ಟಾ ಬಳಿಯ ಹಾಲ್ದೆ ಬೆಟ್ಟದ ತುದಿಯಲ್ಲಿ 1899ರಲ್ಲಿ ವೀಕ್ಷಣಾಲಯ ಕಟ್ಟಿಸಿ, ಚಳಿಗಾಲವಿಡೀ ಬಿರುಗಾಳಿಯಲ್ಲಿ ಅಳತೆ ತೆಗೆದವರು ಅವರು.

ಈ ಬೆಳಕು ಧ್ರುವವನ್ನು ಉಂಗುರದಂತೆ ಸುತ್ತುವರಿದಿರುತ್ತದೆ. ಟ್ರೋಮ್ಸೊ ಇರುವುದು ಆ ಉಂಗುರದ ಅಡಿಯಲ್ಲೇ. ಆದ್ದರಿಂದ ಫೋನಿನ ಆ್ಯಪ್‌ನಲ್ಲಿ ತೋರಿಸುವ ಕೆಪಿ ಅಂಕಿ (ಭೂಮಿಯ ಕಾಂತಕ್ಷೇತ್ರದ ಕಲಕಾಟವನ್ನು 0ರಿಂದ 9ರವರೆಗೆ ಅಳೆಯುವ ಲೆಕ್ಕ) 1 ಅಥವಾ 2 ಇದೆ ಅಂತ ಬೇಜಾರಾಗಿ ಮಲಗಬೇಡಿ. ಇಲ್ಲಿ ಅಷ್ಟೇ ಸಾಕು. ಕೆಪಿ 5 ಇದ್ದರೂ ಮೋಡ ಇದ್ದರೆ ಏನೂ ಕಾಣದು, ಯಾಕೆಂದರೆ ಮೋಡ ಇರುವುದು ನಮಗೂ ಬೆಳಕಿಗೂ ನಡುವೆ. ಹಾಗಾಗಿ ನೋಡಬೇಕಾದದ್ದು ಮೋಡದ ಮುನ್ಸೂಚನೆಯನ್ನು. ನಾರ್ವೆಯ ಹವಾಮಾನ ಸಂಸ್ಥೆ ಮತ್ತು ಅಲ್ಲಿಯ ಸಾರ್ವಜನಿಕ ಪ್ರಸಾರ ಸಂಸ್ಥೆ ಸೇರಿ ನಡೆಸುವ ‘Yr’ ಆ್ಯಪ್ ಉಚಿತ. ಊರೂರಿನ ಮೋಡದ ಲೆಕ್ಕ ಗಂಟೆಗಂಟೆಗೂ ಕೊಡುತ್ತದೆ.

ಟ್ರೋಮ್ಸೊ ಜೊತೆಗೆ ಶಿಬಾಟ್ನ್ ಕಣಿವೆ, ಗಡಿಯಾಚೆಯ ಫಿನ್ಲೆಂಡಿನ ಕಿಲ್ಪಿಸ್‌ಯಾರ್ವಿ ಎರಡನ್ನೂ ಅದರಲ್ಲಿ ಸೇರಿಸಿಕೊಳ್ಳಿ. ಸಮುದ್ರದಿಂದ ಬರುವ ಮೋಡವನ್ನು ನಡುವಿನ ಬೆಟ್ಟಗಳು ತಡೆಯುವುದರಿಂದ ಅಲ್ಲಿ ಆಕಾಶ ಎಷ್ಟೋ ಸಲ ತೆರೆದಿರುತ್ತದೆ. ಗೈಡ್‌ಗಳು ಸಂಜೆ ಇದನ್ನೇ ನೋಡಿ ದಾರಿ ತೀರ್ಮಾನಿಸುತ್ತಾರೆ. ಬೇಕಾದರೆ ಗಡಿ ದಾಟಿ ಫಿನ್ಲೆಂಡಿಗೇ ಕರೆದೊಯ್ಯುತ್ತಾರೆ. ಅದಕ್ಕೆ ಪಾಸ್‌ಪೋರ್ಟ್ ಜೇಬಲ್ಲೇ ಇರಲಿ. ಒಂದೇ ಜಾಗಕ್ಕೆ ಹೋಗಿ ನಿಲ್ಲುವ ದೊಡ್ಡ ಬಸ್ ಅಗ್ಗ. ಆದರೆ ಮೋಡವಿಲ್ಲದ ಆಕಾಶ ಹುಡುಕಿ ಓಡಾಡುವ ಚಿಕ್ಕ ವ್ಯಾನ್‌ಗೆ ದುಡ್ಡು ಹಾಕಿದರೇ ಲಾಭ. ಐದು ರಾತ್ರಿಗೂ ಮೊದಲೇ ಬುಕ್ ಮಾಡಬೇಡಿ. ಮೊದಲ ಅಥವಾ ಎರಡನೇ ರಾತ್ರಿಗೆ ಒಂದು ಟೂರ್ ಇರಲಿ. ಅವತ್ತು ಬೆಳಕು ಕಾಣದಿದ್ದರೆ ಅಂತ ಮತ್ತೊಂದಕ್ಕೆ ಹಣ ತೆಗೆದಿಡಿ. ನಡುನಡುವೆ ಆಕಾಶ ತಿಳಿಯಾಗಿದ್ದರೆ ಊರಿನ ದೀಪಗಳಿಂದ ದೂರ, ದ್ವೀಪದ ನಡುವಿನ ಪ್ರೆಸ್ಟ್‌ವಾನೆಟ್ ಕೆರೆಯ ಹತ್ತಿರ ನೀವೇ ನಡೆದುಹೋಗಬಹುದು.

ಕಾಣುವುದು ಹೇಗೆ ಅಂತ ಗೊತ್ತಿದ್ದರೆ ಕೈತಪ್ಪುವುದಿಲ್ಲ. ಶುರುವಿನಲ್ಲಿ ಅದು ಬೂದು ಬಣ್ಣದ ತೆಳು ಮೋಡದ ಹಾಗಿರುತ್ತದೆ. ಫೋನನ್ನು ನೈಟ್ ಮೋಡ್‌ನಲ್ಲಿ ಹಿಡಿದು ಒಂದು ಫೋಟೊ ತೆಗೆಯಿರಿ. ಹಸಿರು ಬಂದರೆ ಅದೇ. ನಮ್ಮ ಕಣ್ಣಿಗೆ ಮಂದ ಬೆಳಕಿನಲ್ಲಿ ಬಣ್ಣ ಗೊತ್ತಾಗುವುದಿಲ್ಲ, ಕ್ಯಾಮೆರಾಗೆ ಗೊತ್ತಾಗುತ್ತದೆ. ಅಲ್ಲೇ ಕಾಯಿರಿ. ಆ ಪಟ್ಟಿ ಮೆಲ್ಲಗೆ ಹೊಳಪೇರುತ್ತದೆ, ಬಾಗುತ್ತದೆ, ಅಂಚಿನಲ್ಲಿ ಗುಲಾಬಿ ಮಿಂಚುತ್ತದೆ, ಇದ್ದಕ್ಕಿದ್ದಂತೆ ತಲೆಯ ಮೇಲೆಲ್ಲ ಹರಿದಾಡುತ್ತದೆ. ಆಗ ಬಣ್ಣ ಕಣ್ಣಿಗೇ ಕಾಣುತ್ತದೆ. ಎರಡು ಮೂರು ನಿಮಿಷದಲ್ಲಿ ಆರಿಹೋಗಲೂಬಹುದು. ಆ ಹೊತ್ತಲ್ಲಿ ಫೋನ್ ಕೆಳಗಿಡಿ, ದಯವಿಟ್ಟು. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ. ಫೋನನ್ನೂ ಪವರ್ ಬ್ಯಾಂಕನ್ನೂ ಒಳಜೇಬಿನಲ್ಲಿ ಮೈಗೆ ಒತ್ತಿ ಇಟ್ಟುಕೊಳ್ಳಿ.

ಬಾಡಿಗೆ ಕಾರು ತಗೊಂಡು ನಾವೇ ಓಡಿಸೋಣ ಅನ್ನುವವರಿಗೆ ನನ್ನ ಉತ್ತರ: ಬೇಡ. ಹೆಪ್ಪುಗಟ್ಟಿದ ರಸ್ತೆ, ಕತ್ತಲು, ಅಡ್ಡ ಬರುವ ಮೂಸ್ ಎಂಬ ದೊಡ್ಡ ಜಿಂಕೆ, ಮೇಲಾಗಿ ಕಣ್ಣು ಆಕಾಶದ ಮೇಲೆ. ಹಿಮದಲ್ಲಿ ಓಡಿಸಿ ಪಳಗಿದವರಿಗೆ ಮಾತ್ರ ಅದು ಸರಿ.

ಊಟ, ದುಡ್ಡು

ಅಲ್ಲಿಯ ಹಣ ನಾರ್ವೆ ಕ್ರೋನ್, ರೂಪಾಯಿ ಲೆಕ್ಕ ಹೊರಡುವ ಮೊದಲು ನೋಡಿಕೊಳ್ಳಿ. ಹೋಟೆಲ್ ಊಟ ಕೈ ಸುಡುತ್ತದೆ. ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಹಿಡಿಯಿರಿ. ರೇಮಾ 1000, ಕಿವಿ, ಕೂಪ್‌ನಂಥ ಸೂಪರ್ ಮಾರ್ಕೆಟ್‌ಗಳಲ್ಲಿ ಅಕ್ಕಿ, ಬೇಳೆ, ತರಕಾರಿ, ಮೊಸರು ಸಿಗುತ್ತವೆ. ಭಾನುವಾರ ದೊಡ್ಡ ಅಂಗಡಿಗಳು ಮುಚ್ಚಿರುತ್ತವೆ, ಶನಿವಾರವೇ ಸಾಮಾನು ತಂದಿಡಿ. ನಲ್ಲಿ ನೀರು ಕುಡಿಯಬಹುದು. ನಗದು ಬೇಕಾಗುವುದೇ ಇಲ್ಲ, ಎಲ್ಲ ಕಡೆ ಕಾರ್ಡು. ಮನೆಯಿಂದ ಚಟ್ನಿಪುಡಿ, ಅವಲಕ್ಕಿ, ಉಪ್ಪಿಟ್ಟಿನ ಮಿಕ್ಸ್ ತಗೊಂಡು ಹೋಗಿ. ತುಪ್ಪ, ಹಾಲಿನ ಸಿಹಿ, ಮಾಂಸದ ಪದಾರ್ಥ ಮಾತ್ರ ಬೇಡ. ಯುರೋಪಿನ ಹೊರಗಿಂದ ಅವನ್ನು ಒಯ್ಯುವಂತಿಲ್ಲ.

ಹಗಲಿಗೆ ಏನು?

ಕೇಬಲ್ ಕಾರ್‌ನಲ್ಲಿ 421 ಮೀಟರ್ ಎತ್ತರದ ಸ್ಟೋರ್‌ಸ್ಟೈನೆನ್‌ಗೆ ಹೋದರೆ ಇಡೀ ದ್ವೀಪ ಕಾಣುತ್ತದೆ. ಗಾಳಿ ಜೋರಿದ್ದರೆ ನಿಲ್ಲಿಸುತ್ತಾರೆ, ಆದ್ದರಿಂದ ತಿಳಿ ಹವೆ ಇದ್ದ ಮೊದಲ ದಿನವೇ ಹೋಗಿ. ಧ್ರುವ ಮ್ಯೂಸಿಯಂ ತಪ್ಪಿಸಬೇಡಿ. ದಕ್ಷಿಣ ಧ್ರುವ ಮೊದಲು ಮುಟ್ಟಿದ ರೋಆಲ್ಡ್ ಆಮುಂಡ್ಸೆನ್, 1928ರ ಜೂನ್ 18ರಂದು ಇದೇ ಊರಿನಿಂದ ವಿಮಾನದಲ್ಲಿ ಹೊರಟವರು ಮತ್ತೆ ಬರಲಿಲ್ಲ. ಕಾಣೆಯಾದ ಇಟಲಿಯ ನೊಬಿಲೆ ತಂಡವನ್ನು ಹುಡುಕಲು ಹೋಗಿದ್ದರು.

ಈ ನೆಲ ಇಲ್ಲಿಯ ಮೂಲನಿವಾಸಿಗಳಾದ ಸಾಮಿ ಜನರದ್ದೂ ಹೌದು. ಹಿಮಸಾರಂಗ ಸಾಕುವ ಕುಟುಂಬಗಳೇ ನಡೆಸುವ ಶಿಬಿರಗಳಿವೆ. ಅಂಥದ್ದನ್ನೇ ಹುಡುಕಿ ಹೋಗಿ. ಬೆಂಕಿಯ ಸುತ್ತ ಕೂತು ಅವರ ಯೋಯ್ಕ್ ಹಾಡು ಕೇಳಬಹುದು. ನಿಮ್ಮಲ್ಲಿ ಎಷ್ಟು ಸಾರಂಗ ಇವೆ ಅಂತ ಮಾತ್ರ ಕೇಳಬೇಡಿ, ಅದು ಬ್ಯಾಂಕಿನಲ್ಲಿ ಎಷ್ಟು ದುಡ್ಡಿದೆ ಅಂತ ಕೇಳಿದಂತಾಗುತ್ತದೆ. ಫೆಬ್ರುವರಿ 6 ಸಾಮಿ ರಾಷ್ಟ್ರೀಯ ದಿನ. ಆ ವಾರ ಟ್ರೋಮ್ಸೊದ ಮುಖ್ಯ ಬೀದಿಯಲ್ಲೇ ಹಿಮಸಾರಂಗದ ಓಟ ನಡೆಯುತ್ತದೆ. ಆಗ ಹೋಗುವುದಾದರೆ ರೂಮು ತಿಂಗಳುಗಟ್ಟಲೆ ಮೊದಲೇ ಹಿಡಿದಿಡಿ.

ವಾಪಸ್ ಬರುವಾಗ ಓಸ್ಲೋದಲ್ಲಿ ಒಂದು ರಾತ್ರಿ ತಂಗುವಂತೆ ಟಿಕೆಟ್ ಮಾಡಿಸಿ. ಹಿಮಬಿರುಗಾಳಿಗೆ ಟ್ರೋಮ್ಸೊ ವಿಮಾನ ತಡವಾದರೂ ಬೆಂಗಳೂರಿನ ವಿಮಾನ ತಪ್ಪುವುದಿಲ್ಲ.