ನಿರುದ್ಯೋಗದ ಅಂಕಿ ಓದುವುದು ಹೇಗೆ

ನಿರುದ್ಯೋಗ ಏರಿದೆ ಅಂದ ಕೂಡಲೇ ನಾನು ಪೆನ್ಸಿಲ್ ತಗೊಂಡು ಎರಡು ಗೆರೆ ಎಳೆಯುತ್ತೇನೆ. ಅಡ್ಡ ಗೆರೆಗೆ ನಿರುದ್ಯೋಗ ದರ, ನಿಂತ ಗೆರೆಗೆ ಖಾಲಿ ಇರುವ ಕೆಲಸಗಳ ದರ. ವರ್ಷಕ್ಕೊಂದು ಚುಕ್ಕಿ ಇಡಿ. ಇದಕ್ಕೆ ಬೆವೆರಿಜ್ ರೇಖೆ ಅಂತ ಹೆಸರು.

ಚುಕ್ಕಿ ಕೆಳಕ್ಕೂ ಬಲಕ್ಕೂ ಜಾರಿದರೆ ಬೇಡಿಕೆಯೇ ಕುಸಿದಿದೆ. ಬಡ್ಡಿ ದರ, ಸರ್ಕಾರದ ಖರ್ಚು, ರಫ್ತು ನೋಡಿ. ಖಾಲಿ ಕೆಲಸ ಕಡಿಮೆಯಾಗದೆ ನಿರುದ್ಯೋಗ ಮಾತ್ರ ಜಾಸ್ತಿಯಾದರೆ ಕೆಲಸಕ್ಕೂ ಜನಕ್ಕೂ ತಾಳೆಯಾಗುತ್ತಿಲ್ಲ. ಆಗ ತರಬೇತಿ, ನಿರುದ್ಯೋಗ ಭತ್ಯೆ, ವಜಾ ನಿಯಮಗಳನ್ನು ಕೆದಕಿ.

ಎಲ್ಲಕ್ಕೂ ಬಿಗಿ ಕಾರ್ಮಿಕ ಕಾನೂನೇ ಕಾರಣ ಅಂತ ನಾನೂ ಸುಮ್ನೆ ವಾದಿಸುತ್ತಿದ್ದೆ. 2009ರ ಜಾಗತಿಕ ಆರ್ಥಿಕ ಹಿಂಜರಿತ ಬಾಯಿ ಮುಚ್ಚಿಸಿತು. ಕಾನೂನು ಬಿಗಿಯಿದ್ದ ಜರ್ಮನಿಯ ಒಟ್ಟು ದೇಶೀಯ ಉತ್ಪಾದನೆ ಸುಮಾರು ಶೇ 5ರಷ್ಟು ಕುಸಿಯಿತು. ನಿರುದ್ಯೋಗ ಜಿಗಿಯಬೇಕಿತ್ತು, ಅಲ್ವಾ? ಹೆಚ್ಚೇನೂ ಏರಲಿಲ್ಲ. ಅಲ್ಲಿ ‘ಕುರ್ಟ್ಸ್‌ಆರ್ಬೈಟ್’ ಇತ್ತು: ಕೆಲಸದಿಂದ ತೆಗೆಯುವ ಬದಲು ಗಂಟೆ ಕಡಿತ, ಕೈತಪ್ಪಿದ ಸಂಬಳದಲ್ಲಿ ಒಂದು ಪಾಲನ್ನು ಸರ್ಕಾರ ತುಂಬಿಕೊಡುತ್ತಿತ್ತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಕಾನೂನು ಸಡಿಲವಿದ್ದ ಅಮೆರಿಕದ ನಿರುದ್ಯೋಗ ದರ ಶೇ 10 ಮುಟ್ಟಿತು. ಸ್ಪೇನ್‌ನಲ್ಲಿ ಸುಲಭವಾಗಿ ತೆಗೆಯಬಹುದಾದ ತಾತ್ಕಾಲಿಕ ಗುತ್ತಿಗೆಯವರೇ ಮೊದಲು ಮನೆಗೆ ಹೋದರು.

ಇನ್ನೊಂದು ಮಾತು. ಕೆಲಸ ಹುಡುಕುವುದನ್ನೇ ಬಿಟ್ಟವರು ನಿರುದ್ಯೋಗ ದರದಲ್ಲಿ ಸೇರುವುದಿಲ್ಲ. ಹಾಗಾಗಿ ದುಡಿಯುವ ವಯಸ್ಸಿನವರಲ್ಲಿ ನಿಜಕ್ಕೂ ದುಡಿಯುತ್ತಿರುವವರ ಪ್ರಮಾಣವನ್ನೂ ಪಕ್ಕದಲ್ಲೇ ಬರೆದುಕೊಳ್ಳಿ.