ಅಮೆರಿಕಕ್ಕೆ ಹೋದ ಹಿರಿಯರ ಪೌರತ್ವದ ಕಾಗದ ಹುಡುಕುವುದು ಹೇಗೆ?

ಅಮೆರಿಕಕ್ಕೆ ವಲಸೆ ಹೋದ ಹಿರಿಯರ ಜಾಡು ಹಿಡಿದವರು ಮೊದಲು ಹುಡುಕುವುದು ಪೌರತ್ವದ ಸರ್ಟಿಫಿಕೇಟನ್ನು. ಅದರಲ್ಲಿ ಸಿಗುವ ವಿಷಯ ಕಮ್ಮಿ. ಹುಟ್ಟಿದ ಊರು, ಬಂದ ಹಡಗು, ಹೆಂಡತಿ ಮಕ್ಕಳ ಹೆಸರು, ಇವೆಲ್ಲ ಇರುವುದು ಅದಕ್ಕೂ ಮೊದಲು ಕೋರ್ಟಿಗೆ ಕೊಟ್ಟ ಅರ್ಜಿಗಳಲ್ಲಿ. ಅರ್ಜಿಯ ಬೆನ್ನು ಹತ್ತಿ.

ಶುರು ಮಾಡಲು ಜನಗಣತಿಯೇ ಸರಿ. 1900ರಿಂದ 1940ರವರೆಗಿನ ಅಮೆರಿಕದ ಗಣತಿ ಹಾಳೆಗಳಲ್ಲಿ ಪೌರತ್ವಕ್ಕೆ ಒಂದು ಕಾಲಂ ಇದೆ. ‘ಎನ್‌ಎ’ ಎಂದಿದ್ದರೆ ಪೌರತ್ವ ಸಿಕ್ಕಿದೆ. ‘ಪಿಎ’ ಎಂದಿದ್ದರೆ ಮೊದಲ ಅರ್ಜಿ ಹಾಕಿದ್ದಾರೆ. ‘ಎಎಲ್’ ಎಂದರೆ ಇನ್ನೂ ಹೊರದೇಶದ ಪ್ರಜೆ. 1920ರಲ್ಲಂತೂ ಪೌರತ್ವ ಸಿಕ್ಕ ವರ್ಷವನ್ನೇ ಕೇಳಿದ್ದಾರೆ. ಆದರೆ ಇದೆಲ್ಲ ಬಾಯಿಮಾತಲ್ಲಿ ಹೇಳಿ ಬರೆಸಿದ್ದು. ಅದಕ್ಕೇ ಒಂದೆರಡು ವರ್ಷ ಹಿಂದೆ ಮುಂದೆಯೂ ನೋಡಿ.

ವರ್ಷದ ಅಂದಾಜು ಸಿಕ್ಕಿತಾ? ಈಗ 1906ರ ಸೆಪ್ಟೆಂಬರ್ 27 ಅನ್ನುವ ದಿನಾಂಕ ನೆನಪಿಡಿ. ಅದಕ್ಕೂ ಮೊದಲು ಊರಿನ, ಕೌಂಟಿಯ (ನಮ್ಮ ಜಿಲ್ಲೆಯ ಹಾಗೆ), ರಾಜ್ಯದ, ಫೆಡರಲ್ (ಕೇಂದ್ರ ಸರ್ಕಾರದ), ಹೀಗೆ ಎಷ್ಟೋ ಬಗೆಯ ಕೋರ್ಟುಗಳು ಪೌರತ್ವ ಕೊಡುತ್ತಿದ್ದವು. ಒಂದೊಂದರದ್ದೂ ಒಂದೊಂದು ನಮೂನೆ. ಹೆಸರು, ಬಿಟ್ಟುಬಂದ ದೇಶ, ಇಷ್ಟೇ ಇರುವ ಹಾಳೆಗಳೇ ಜಾಸ್ತಿ. ಆ ದಿನದಿಂದ ದೇಶಕ್ಕೆಲ್ಲ ಒಂದೇ ಫಾರಂ ಬಂತು, ಒಂದು ಪ್ರತಿ ರಾಜಧಾನಿ ವಾಷಿಂಗ್ಟನ್‌ಗೆ ಹೋಗತೊಡಗಿತು.

ಆ ಫಾರಂ ಕೈಗೆ ಸಿಕ್ಕರೆ ನಿಧಾನವಾಗಿ ಓದಿ. ಮೊದಲ ಅರ್ಜಿಯ ಹೆಸರು ‘ಡಿಕ್ಲರೇಷನ್ ಆಫ್ ಇಂಟೆನ್ಷನ್’. ನಾನು ಇಲ್ಲಿಯ ಪ್ರಜೆಯಾಗಬೇಕು ಅಂತಿದ್ದೇನೆ ಎಂದು ತಿಳಿಸುವ ಕಾಗದ. ವಯಸ್ಸು, ಕಸುಬು, ಎತ್ತರ, ತೂಕ, ಕೂದಲಿನ ಬಣ್ಣ, ಕಣ್ಣಿನ ಬಣ್ಣ, ಮೈಮೇಲಿನ ಗುರುತು, ಎಲ್ಲ ಇರುತ್ತದೆ. ಭಾರತದಿಂದ ಹೋದವರಾದರೆ ಬ್ರಿಟನ್ನಿನ ರಾಜನಿಗೆ ಇನ್ನು ನಿಷ್ಠನಲ್ಲ ಎಂಬ ಸಾಲು ಬರುತ್ತದೆ. ಕೊನೆಯಲ್ಲಿ ಅವರದೇ ಕೈಯ ಸಹಿ. ಒಂದು ಫೋಟೋ ಕೂಡ ನೋಡದ ಮುತ್ತಜ್ಜನ ಮೈಕಟ್ಟು ಹೀಗೆ ಕಣ್ಮುಂದೆ ಬರುವುದು ಸಣ್ಣ ಸಂಗತಿಯಲ್ಲ. 1929ರ ಜುಲೈನಿಂದ ಫೋಟೋವನ್ನೂ ಅಂಟಿಸಿದ್ದಾರೆ.

ಎರಡನೆಯದು ‘ಪಿಟಿಷನ್’, ಅಂದರೆ ಪೌರತ್ವ ಕೊಡಿ ಎಂದು ಕೋರ್ಟನ್ನು ಕೇಳುವ ಅರ್ಜಿ. ಇದಕ್ಕೆ ಇಬ್ಬರು ಸಾಕ್ಷಿಗಳು ಬೇಕಿತ್ತು. ಅವರ ಹೆಸರು, ವಿಳಾಸ ಬರೆದುಕೊಳ್ಳಿ. ಸುಮ್ನೆ ಯಾರೂ ಸಾಕ್ಷಿ ಹೇಳಲು ಬರುವುದಿಲ್ಲ ಅಲ್ವಾ? ನೆಂಟರೋ ನೆರೆಯವರೋ ಜೊತೆಗೆ ದುಡಿದವರೋ ಇರಬಹುದು. ಹಡಗಿನಿಂದ ಇಳಿದಾಗ ಅಧಿಕಾರಿಗಳು ಹೆಸರು ಬದಲಿಸಿದರು ಅನ್ನುವ ಕತೆ ಬಹಳ ಮನೆಗಳಲ್ಲಿದೆ. ಆದರೆ ಹೆಸರು ಬದಲಿಸಿದ ಕೋರ್ಟಿನ ಆದೇಶ ಇದೇ ಪಿಟಿಷನ್ ಜೊತೆ ಸಿಗುವುದುಂಟು.

ಹಳೆಯ ಕಾಗದಗಳು ಕೌಂಟಿ ಕೋರ್ಟಿನಲ್ಲಿ ಅಥವಾ ರಾಜ್ಯದ ಪತ್ರಾಗಾರದಲ್ಲಿ ಇರುತ್ತವೆ. ಫೆಡರಲ್ ಕೋರ್ಟಿನವು ನ್ಯಾಷನಲ್ ಆರ್ಕೈವ್ಸ್‌ನ ಪ್ರಾದೇಶಿಕ ಶಾಖೆಗಳಲ್ಲಿವೆ. ಸ್ಕ್ಯಾನ್ ಆದ ಎಷ್ಟೋ ಹಾಳೆಗಳು ಫ್ಯಾಮಿಲಿಸರ್ಚ್ ಎಂಬ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತವೆ. 1906ರಿಂದ 1956ರ ಮಾರ್ಚ್‌ವರೆಗಿನ ‘ಸಿ-ಫೈಲ್’ (ಪೌರತ್ವ ಸಿಕ್ಕವರ ಕಾಗದಗಳ ಸರ್ಕಾರಿ ಕಡತ) ಬೇಕಾದರೆ ಅಮೆರಿಕದ ವಲಸೆ ಇಲಾಖೆಯ ವಂಶಾವಳಿ ವಿಭಾಗಕ್ಕೆ ಶುಲ್ಕ ಕಟ್ಟಿ ಬರೆಯಬೇಕು. ನಮ್ಮ ಕಡೆಯವರು ಹೆಚ್ಚಾಗಿ ಹೋಗಿದ್ದು 1965ರ ವಲಸೆ ಕಾನೂನಿನ ನಂತರ. ಅವರ ಕಾಗದ ‘ಎ-ಫೈಲ್’ ಎಂಬ, ಒಬ್ಬೊಬ್ಬ ವಲಸಿಗರ ಹೆಸರಿನ ಕಡತದಲ್ಲಿರುತ್ತದೆ, ಅಲ್ಲಿನ ಮಾಹಿತಿ ಹಕ್ಕಿನ ಕಾನೂನಿನಡಿ ಕೇಳಬೇಕು.

ಅಜ್ಜಿಯ ಹೆಸರಲ್ಲಿ ಏನೂ ಸಿಗದಿದ್ದರೆ ಗಾಬರಿ ಬೇಡ. 1922ರವರೆಗೆ ಗಂಡನಿಗೆ ಪೌರತ್ವ ಸಿಕ್ಕರೆ ಹೆಂಡತಿಗೂ ತಾನಾಗಿಯೇ ಸಿಗುತ್ತಿತ್ತು. ಅವಳಿಗೆ ಬೇರೆ ಅರ್ಜಿಯೇ ಇರಲಿಲ್ಲ. ಗಂಡನ ಫೈಲು ತೆಗೆಸಿ.

ಭಾರತೀಯರ ವಿಷಯದಲ್ಲಿ ಇನ್ನೊಂದು ತೊಡಕು. ಪೌರತ್ವ ಬಿಳಿಯರಿಗೆ, 1870ರಿಂದ ಆಫ್ರಿಕಾ ಮೂಲದವರಿಗೂ ಅಂತ ಕಾನೂನಿತ್ತು. ಅಮೆರಿಕದ ಸೈನ್ಯದಲ್ಲಿದ್ದ ಸಿಖ್ಖರಾದ ಭಗತ್ ಸಿಂಗ್ ಥಿಂಡ್ ಅವರಿಗೆ 1918ರಲ್ಲಿ ವಾಷಿಂಗ್ಟನ್ ರಾಜ್ಯದಲ್ಲಿ ಪೌರತ್ವ ಸಿಕ್ಕಿತು, ಕೆಲವೇ ದಿನಗಳಲ್ಲಿ ಕಿತ್ತುಕೊಂಡರು. 1920ರಲ್ಲಿ ಆರೆಗಾನ್‌ನಲ್ಲಿ ಮತ್ತೆ ಸಿಕ್ಕಿತು. 1923ರಲ್ಲಿ ಸುಪ್ರೀಂ ಕೋರ್ಟ್ ಅವರು ಬಿಳಿಯರಲ್ಲ ಎಂದಿತು. ಮೊದಲೇ ಪೌರತ್ವ ಪಡೆದಿದ್ದ ಬೇರೆ ಭಾರತೀಯರಿಂದಲೂ ಆಮೇಲೆ ಅದನ್ನು ಕಸಿದುಕೊಂಡರು. ಥಿಂಡ್ ಅವರಿಗೆ ಅದು ಉಳಿಯುವ ಹಾಗೆ ಸಿಕ್ಕಿದ್ದು 1936ರಲ್ಲಿ, ನ್ಯೂಯಾರ್ಕ್‌ನಲ್ಲಿ. ಮೊದಲ ಮಹಾಯುದ್ಧದ ಸೈನಿಕರಿಗಾಗಿ ಬಂದ ಕಾನೂನಿನಿಂದ. ಉಳಿದ ಭಾರತೀಯರಿಗೆ ಬಾಗಿಲು ತೆರೆದದ್ದು 1946ರಲ್ಲಿ. ಹಾಗಾಗಿ ನಿಮ್ಮವರು ನೆಲೆಸಿದ್ದ ಪ್ರತಿ ರಾಜ್ಯದಲ್ಲೂ ಹುಡುಕಿ. ತಿರಸ್ಕಾರವಾದ, ರದ್ದಾದ ಅರ್ಜಿಗಳನ್ನೂ ಕೇಳಿ. ತಿರಸ್ಕರಿಸಿದ ಅರ್ಜಿಯಲ್ಲೂ ಊರಿನ ಹೆಸರು, ಹಡಗಿನ ಹೆಸರು ಹಾಗೇ ಇರುತ್ತವೆ.